ಮೀಸೆಯ ಹಿಂದಿನ ಶರದೃತು

ಋತುಗಳು ಆರು ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಮೇಷ್ಟ್ರು ಬೆತ್ತ ಹಿಡಿದು ನಿಂತಾಗ ವಸಂತದಿಂದ ಶಿಶಿರದವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದ್ದೇವೆ. ಆದರೆ ಶಾಲೆಯ ಗೇಟು ದಾಟಿದ ಮೇಲೆ ಆ ಆರರಲ್ಲಿ ಒಂದನ್ನಾದರೂ ವಿಚಾರಿಸಿಕೊಂಡವರು ನಮ್ಮ ದೊಡ್ಡಬಳ್ಳಾಪುರದಲ್ಲಿ ಇರಲಾರರು. ಸುತ್ತಲಿನ ಹಳ್ಳಿಯ ರೈತರನ್ನು ಕೇಳಿದರೆ ಅವರು ಮಳೆಗಳ ಹೆಸರು ಹೇಳುತ್ತಾರೆ; ಹಸ್ತೆ ಕೈಕೊಟ್ಟಿತು, ಚಿತ್ತೆ ಪರವಾಗಿಲ್ಲ ಎನ್ನುತ್ತಾರೆ. ನಮ್ಮಂಥ ಮಗ್ಗದವರನ್ನು ಕೇಳಿದರೆ ವರ್ಷಕ್ಕೆ ಇರುವುದು ಎರಡೇ ಕಾಲ: ಸೀರೆ ಓಡುವ ಕಾಲ, ಸೀರೆ ಓಡದ ಕಾಲ. ಆಷಾಢದಲ್ಲಿ ಸೀರೆ ಮಲಗುತ್ತದೆ, ಶ್ರಾವಣದಲ್ಲಿ ಎದ್ದು ಕೂರುತ್ತದೆ, ಅಲ್ಲಿಂದ ದೀಪಾವಳಿಯ ತನಕ ಓಡುತ್ತದೆ. ಅದರ ಹಿಂದೆ ನಾವೂ ಓಡುತ್ತೇವೆ. ಹೀಗಿರುವಾಗ, ನನಗೆ ಶರದೃತುವನ್ನು ಸವಿಯುವ ಚಟ ಅಂಟಿದೆ ಎಂದು ಹೇಳಿಕೊಳ್ಳಲು ತುಸು ಸಂಕೋಚವೇ ಆಗುತ್ತದೆ. ಇಸ್ಪೀಟಿನ ಚಟವೆಂದರೆ, ಕುಡಿತದ ಚಟವೆಂದರೆ ಜನಕ್ಕೆ ಅರ್ಥವಾಗುತ್ತದೆ. ಕರೆದು ಕೂರಿಸಿ ಬುದ್ಧಿ ಹೇಳುತ್ತಾರೆ. ನನ್ನ ಚಟಕ್ಕೆ ಮಾತ್ರ ಯಾರ ಬಳಿಯೂ ಬುದ್ಧಿಮಾತಿಲ್ಲ.

ಚಟ ಅಂಟಿದ್ದು ಪರದೇಶದಲ್ಲಿ. ಕಸುಬಿನಿಂದ ನಾನು ವಿದ್ಯುತ್ ಮಗ್ಗಗಳ ಮೆಕ್ಯಾನಿಕ್. ಉಜ್ಬೇಕಿಸ್ತಾನದ ಒಂದು ಬಟ್ಟೆ ಗಿರಣಿಯಲ್ಲಿ ಹೊಸ ಮಗ್ಗಗಳನ್ನು ಜೋಡಿಸಿಕೊಡಲು ಆರು ತಿಂಗಳಿಗೆಂದು ಹೋದವನು, ಜೋಡಿಸಿದ ಮಗ್ಗ ಕೆಟ್ಟಿತು, ಕೆಟ್ಟದ್ದನ್ನು ರಿಪೇರಿ ಮಾಡಿದೆ, ಇನ್ನೊಂದು ಕೆಟ್ಟಿತು ಎಂದು ಐದು ವರ್ಷ ಅಲ್ಲೇ ಉಳಿದೆ. ಆ ಊರಿನ ರಸ್ತೆಗಳ ಎರಡೂ ಬದಿಗೆ ದೊಡ್ಡ ದೊಡ್ಡ ಮರಗಳಿದ್ದವು. ಯಾವ ಮರವೆಂದು ಕೇಳಿದರೆ ಹಿಪ್ಪುನೇರಳೆ. ನಮ್ಮ ಕಡೆ ಹಿಪ್ಪುನೇರಳೆಯೆಂದರೆ ರೇಷ್ಮೆಹುಳುವಿನ ಮೇವು. ಸೊಂಟದೆತ್ತರಕ್ಕೆ ಬರುವಷ್ಟರಲ್ಲಿ ಕುಡುಗೋಲು ಹಾಕಿಬಿಡುತ್ತೇವೆ. ಬಿಟ್ಟರೆ ಅದು ಮರವಾಗುತ್ತದೆ ಎಂಬ ಸಂಗತಿಯೇ ನನಗೆ ಗೊತ್ತಿರಲಿಲ್ಲ. ಸೆಕೆ ಇಳಿದು ಗಾಳಿ ತಣ್ಣಗಾದ ಮೇಲೆ ಆ ಮರಗಳೆಲ್ಲ ಅರಿಸಿನ ಬಣ್ಣಕ್ಕೆ ತಿರುಗಿ, ಬಳಿಕ ಒಂದೊಂದೇ ಎಲೆ ಉದುರಿಸುತ್ತಿದ್ದವು. ಭಾನುವಾರ ಬಂತೆಂದರೆ ಅಲ್ಲಿಯ ಜನ ಚಹಾದ ಕೆಟಲ್, ರೊಟ್ಟಿ, ದ್ರಾಕ್ಷಿ ಕಟ್ಟಿಕೊಂಡು ಸಂಸಾರ ಸಮೇತ ಮರದ ಕೆಳಗೆ ಹೋಗಿ ಕೂತುಬಿಡುವರು. ಏನು ಕೆಲಸವೆಂದರೆ, ಎಲೆ ಉದುರುವುದನ್ನು ನೋಡುವುದು. ಮೊದಲ ವರ್ಷ ನನಗೆ ನಗು ಬಂತು. ಎರಡನೆಯ ವರ್ಷ ನಾನೂ ಹೋಗಿ ಒಂದು ಬದಿಯಲ್ಲಿ ಕೂತೆ. ಮೂರನೆಯ ವರ್ಷದ ಹೊತ್ತಿಗೆ, ಪಕ್ಕದಲ್ಲಿ ಹೆಂಡತಿ ಇದ್ದಿದ್ದರೆ ಎನ್ನಿಸತೊಡಗಿತು. ಗಂಡ ಹೆಂಡತಿ ಅಕ್ಕಪಕ್ಕ ಸುಮ್ಮನೆ ಕೂರುವುದು ಎಂಬುದೊಂದು ಇದೆಯೆಂದು ನನಗೆ ಗೊತ್ತಾದದ್ದೇ ಅಲ್ಲಿ. ನಮ್ಮ ಮದುವೆಯಾದಾಗಿನಿಂದ ನಾವಿಬ್ಬರೂ ಜೊತೆಯಾಗಿ ಕೂತದ್ದೆಂದರೆ ಸತ್ಯನಾರಾಯಣ ಪೂಜೆಯಲ್ಲಿ ಮಾತ್ರ.

ನನ್ನ ಹೆಂಡತಿ ಸುಶೀಲ ಆ ಐದು ವರ್ಷವೂ ಇಲ್ಲೇ ಇದ್ದಳು. ಮನೆಯ ಹಿಂದಿನ ಶೆಡ್ಡಿನಲ್ಲಿ ನಮ್ಮ ನಾಲ್ಕು ಮಗ್ಗಗಳಿವೆ. ಅವನ್ನೂ, ಹಾಸ್ಟೆಲಿನಲ್ಲಿ ಓದುವ ಮಗಳನ್ನೂ, ನಮ್ಮ ಕಡೆಯ ಮದುವೆ ಮುಂಜಿ ಸಾವು ಸೂತಕಗಳನ್ನೂ ಅವಳೊಬ್ಬಳೇ ನಡೆಸಿದಳು. ನಾನು ನಡುವೆ ಎರಡು ಸಲ ರಜೆಗೆ ಬಂದಿದ್ದೆ. ಎರಡು ಸಲವೂ ಬೇಸಿಗೆ, ಮನೆತುಂಬ ನೆಂಟರು. ಲಗ್ನಪತ್ರಿಕೆ ಹಂಚುವುದರಲ್ಲೇ ರಜೆ ಮುಗಿದಿತ್ತು. ಉಳಿದಂತೆ ನಮ್ಮ ಸಂಸಾರವೆಲ್ಲ ಫೋನಿನಲ್ಲಿ. ಮಾಮೂಲಿ ಕರೆ ಮಾಡಿದರೆ ಅವಳು, “ಹೂಂ. ಆಯ್ತು. ಹೂಂ. ಇಡ್ತೀನಿ” ಎಂದು ಮುಗಿಸುವಳು. ಬಳಿಕ, “ರೀ, ವಿಡಿಯೊ ಮಾಡ್ರೀ. ಮುಖ ಕಾಣ್ಲಿ” ಎಂದು ಸಂದೇಶ ಕಳಿಸುವಳು. ಮುಖ ಕಾಣಲಿ! ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ನನ್ನ ಮುಖ ಕಾಣದೆ ಮಾತೇ ಹೊರಡದ ಹೆಂಡತಿ! ಕೋಣೆಯಲ್ಲಿ ನನ್ನ ಜೊತೆಗಿದ್ದ ಈರೋಡಿನ ಸೆಲ್ವಂಗೆ ಇದನ್ನು ನಾನು ಬೇಕೆಂದೇ ಎರಡೆರಡು ಸಲ ಹೇಳುತ್ತಿದ್ದೆ. ಅವನು ನಿಟ್ಟುಸಿರು ಬಿಟ್ಟು, “ನಮ್ಮನೇಲೂ ವಿಡಿಯೊನೇ ಸಾರ್. ರೂಮಲ್ಲಿ ಬೇರೆ ಯಾರಾದ್ರೂ ಇದಾರಾ ಅಂತ ನೋಡಕ್ಕೆ” ಎನ್ನುತ್ತಿದ್ದ. ಇನ್ನೊಂದು ಹೆಚ್ಚುಗಾರಿಕೆಯೆಂದರೆ ಸುಶೀಲ ನನ್ನ ಯಾವ ಮಾತಿಗೂ ಎದುರಾಡುತ್ತಿರಲಿಲ್ಲ. ಇನ್ನೊಂದು ವರ್ಷ ಇರುತ್ತೇನೆ ಎಂದರೂ ಹೂಂ, ಬಂದುಬಿಡಲೇ ಎಂದರೂ ಹೂಂ. ಇಂಥ ಹೆಂಡತಿಯನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದು ಸೆಲ್ವಂ ಒಪ್ಪಿಕೊಂಡ.

ಅವಳು ತಕರಾರು ತೆಗೆದದ್ದು ಒಂದೇ ವಿಷಯಕ್ಕೆ, ನನ್ನ ಮೀಸೆಗೆ. ಆ ದೇಶದ ಚಳಿಗೆ ತುಟಿ ಸೀಳುತ್ತದೆಂದು ನಾನು ಮೀಸೆಗೆ ಕತ್ತರಿ ಹಾಕುವುದನ್ನು ನಿಲ್ಲಿಸಿದ್ದೆ. ಅದು ನನ್ನನ್ನೂ ಕೇಳದೆ ಬೆಳೆದು, ಮೇಲ್ತುಟಿಯನ್ನು ಪೂರ್ತಿ ಮುಚ್ಚಿ, ಕೆಳತುಟಿಯ ಮೇಲೆ ಸೂರಿನ ಸೋಗೆಯ ಹಾಗೆ ಇಳಿಬಿದ್ದಿತ್ತು. ಬೋಳುತಲೆಯವನಿಗೆ ಅಂಥದ್ದೊಂದು ಮೀಸೆ ಬಂದರೆ ಆಗುವ ಸಮಾಧಾನವನ್ನು ಕೂದಲಿರುವವರಿಗೆ ಹೇಳಿ ಪ್ರಯೋಜನವಿಲ್ಲ. ವಿಡಿಯೊ ಬಂದಾಗಲೆಲ್ಲ ಸುಶೀಲ ಮುಖ ಕಿವುಚಿ, “ಆ ಮೀಸೆ ತೆಗೀರಿ. ಚೆನ್ನಾಗಿ ಕಾಣಲ್ಲ” ಎನ್ನುವಳು. ನಾನು, “ಜನ್ಮದಲ್ಲಿ ನಾನೇ ಬೆಳೆದ ಬೆಳೆ ಇದೊಂದೇ ಕಣೇ. ಇರ್ಲಿ ಬಿಡು” ಎನ್ನುತ್ತಿದ್ದೆ. ಅವಳು ಕಣ್ಣು ಕಿರಿದು ಮಾಡಿ ಪರದೆಯ ಹತ್ತಿರ ಬಂದು ನೋಡಿ, ಕೊನೆಗೆ ಹೂಂ ಎನ್ನುತ್ತಿದ್ದಳು.

ಗಿರಣಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಒಳಗೆ ಕಾಲಿಡುವ ಮೊದಲು ಕಿವಿಗೆ ಬಿರಡೆ ಹಾಕಿಕೊಳ್ಳಬೇಕೆಂದು ಅಲ್ಲಿ ಕಟ್ಟುನಿಟ್ಟು. ಅದನ್ನು ನೋಡಿಕೊಳ್ಳಲೆಂದೇ ಬಾಗಿಲಲ್ಲಿ ಒಬ್ಬ ಆಫೀಸರ್ ನಿಂತಿರುತ್ತಿದ್ದ. ಬಿರಡೆ ಮರೆತರೆ ಎಷ್ಟೇ ದೊಡ್ಡ ಮೆಕ್ಯಾನಿಕ್ಕಾದರೂ ಬಾಗಿಲಿಂದಲೇ ವಾಪಸ್. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ತೊಟ್ಟಿಲು ತೂಗಿಸಿಕೊಂಡವನಿಗೆ ಇದು ದೊಡ್ಡ ತಮಾಷೆಯಾಗಿ ಕಂಡಿತು. ಜೊತೆಗೆ, ನಾವು ಬಾಡಿಗೆಗಿದ್ದ ಮನೆಯ ಮುದುಕಿ ನನ್ನ ಗಂಟಲು ಕೇಳಿದೊಡನೆ ತುಟಿಯ ಮೇಲೆ ಬೆರಳಿಟ್ಟು ಹೆದರಿಸುತ್ತಿದ್ದಳು. ಮಗ್ಗದ ಮನೆಗಳಲ್ಲಿ ಯಾರೂ ಮಾತಾಡುವುದಿಲ್ಲ, ಕೂಗುತ್ತಾರೆ. ಕೂಗು ಸಾಲದ ಕಡೆ ಕೈಸನ್ನೆ ಮಾಡುತ್ತಾರೆ, ಬಾಯಿ ನೋಡಿ ಮಾತು ಹಿಡಿಯುತ್ತಾರೆ. ಆ ಮುದುಕಿಯ ಭಯಕ್ಕೆ ನಾನು ಮೆಲುಮಾತು ಕಲಿತೆ. ಐದು ವರ್ಷ ಮುಗಿದು ಊರಿಗೆ ಹೊರಟಾಗ ನನ್ನ ಬಳಿ ಇದ್ದದ್ದು ಒಣದ್ರಾಕ್ಷಿಯ ಚೀಲ, ಒಂದು ಚಹಾದ ಕೆಟಲ್, ಮೀಸೆ, ಮೆಲುಮಾತು ಮತ್ತು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮೂರಿನ ಶರದೃತುವನ್ನು ಸವಿಯಬೇಕೆಂಬ ಒಂದೇ ಒಂದು ಆಸೆ.

ಬಂದಿಳಿದದ್ದು ಪಿತೃಪಕ್ಷದಲ್ಲಿ. ಸೀರೆ ಓಡುವ ಕಾಲವಾದ್ದರಿಂದ ನಮ್ಮ ಬೀದಿಯ ಅಷ್ಟೂ ಮನೆಗಳಲ್ಲಿ ಮಗ್ಗಗಳು ಹಗಲಿಡೀ ಬಡಿದುಕೊಳ್ಳುತ್ತಿದ್ದವು. ನಾನು ಬೆಳಿಗ್ಗೆ ಎದ್ದು ಕೆಟಲ್ಲಿನಲ್ಲಿ ಚಹಾ ಮಾಡಿ, ಹಿತ್ತಲಿನ ಪಾರಿಜಾತದ ಗಿಡದ ಬಳಿ ಎರಡು ಕುರ್ಚಿ ಹಾಕಿ, “ಸುಶೀಲಾ, ಬಾ, ಕೂತ್ಕೋ. ಇಬ್ಬನಿ ನೋಡು” ಎಂದು ಮೆಲ್ಲಗೆ ಕರೆಯುತ್ತಿದ್ದೆ. ಅವಳು ನನ್ನ ಪಕ್ಕದಲ್ಲೇ ಹಾದು ಶೆಡ್ಡಿಗೆ ಹೋಗುವಳು. ನಾನು ಒಂದು ಕುರ್ಚಿಯಲ್ಲಿ, ಇಬ್ಬನಿ ಇನ್ನೊಂದು ಕುರ್ಚಿಯಲ್ಲಿ ಕೂತು ಚಹಾ ತಣ್ಣಗಾಗುವುದನ್ನು ನೋಡುತ್ತಿದ್ದೆವು. ಪಕ್ಕದ ಮನೆಯ ಜಯಮ್ಮ ಗೋಡೆಯಾಚೆಯಿಂದ ಇಣುಕಿ, “ಯಾಕಣ್ಣ, ಗಂಟ್ಲಿಗೆ ಏನಾರ ಆಗೈತಾ? ದನಿನೇ ಬರ್ತಿಲ್ವಲ್ಲ! ಶುಂಠಿ ಕಷಾಯ ಕುಡೀರಿ” ಎಂದು ಕೂಗಿದಳು. ಎರಡು ದಿನದಲ್ಲಿ ನನಗೆ ಗಂಟಲು ಬೇನೆಯೆಂಬ ಸುದ್ದಿ ಬೀದಿಯ ತುದಿ ಮುಟ್ಟಿತು. ಸುಶೀಲ ಮಾತ್ರ ಏನೂ ಹೇಳಲಿಲ್ಲ. ಐದು ವರ್ಷ ಮುಖ ತೋರಿಸಿ ಎಂದವಳಿಗೆ ಈಗ ಮುಖ ಮನೆಯಲ್ಲೇ ಇದೆ, ಬೇಡವಾಗಿದೆ ಎಂದುಕೊಂಡೆ. ನನಗೆ ನಿಜವಾಗಿಯೂ ನೋವಾಯಿತು.

ಆದರೂ ಚಟ ಬಿಡಬೇಕಲ್ಲ. ನವರಾತ್ರಿಯ ಮೊದಲ ಭಾನುವಾರ ಅವಳನ್ನು ಬಲವಂತವಾಗಿ ಸ್ಕೂಟರಿನ ಹಿಂದೆ ಕೂರಿಸಿಕೊಂಡು ತೂಬಗೆರೆಯ ಕಡೆ ಹೊರಟೆ. ರಾಗಿ ತೆನೆ ಕಟ್ಟಿತ್ತು. ಹೊಲಗಳ ಅಂಚಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟು, ಹಸಿರು ಸೀರೆಗೆ ಹಳದಿ ಅಂಚು ಕೊಟ್ಟ ಹಾಗೆ ಕಾಣುತ್ತಿತ್ತು. ಹಸ್ತೆ ಮಳೆ ಹೊಯ್ದು ಹೋಗಿ ಆಕಾಶ ತೊಳೆದಂತಿತ್ತು. ನಾನು ಸ್ಕೂಟರ್ ಓಡಿಸುತ್ತಲೇ ಐದು ವರ್ಷದಿಂದ ಕೂಡಿಟ್ಟದ್ದನ್ನೆಲ್ಲ ಹೇಳತೊಡಗಿದೆ. ಆ ಊರಿನ ಮರಗಳು, ಹಳದಿ ಎಲೆಗಳು, ಭಾನುವಾರದ ಚಹಾ, ಪ್ರತಿಯೊಂದು ಎಲೆ ಬೀಳುವಾಗಲೂ ಅವಳ ನೆನಪಾಗುತ್ತಿದ್ದದ್ದು. ಇಂಥ ಮಾತುಗಳನ್ನು ಎದುರುಬದುರು ಕೂತು ಹೇಳುವ ಗಂಡಸು ನಾನಲ್ಲ. ರಸ್ತೆಯ ಕಡೆ ಮುಖ ಇದ್ದದ್ದರಿಂದ ಧೈರ್ಯ ಬಂದಿತ್ತು. “ನೀನಿಲ್ದೆ ಅದೆಲ್ಲ ನೋಡಕ್ಕೆ ನಂಗೆ ಮನಸ್ಸೇ ಬರ್ತಿರ್ಲಿಲ್ಲ” ಎಂದು ಕೂಡ ಅಂದುಬಿಟ್ಟೆ. ಹಿಂದಿನಿಂದ ಒಂದು ಹೂಂ ಕೂಡ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ರೀ, ಹಣ್ಮೆಣಸಿನ್ಕಾಯಿ ಮುಗ್ದೋಗಿದೆ. ವಾಪಸ್ ಹೋಗ್ತಾ ನೆನ್ಪು ಮಾಡ್ರಿ” ಎಂದಳು.

ಬೇಸರದಲ್ಲಿ ಸ್ಕೂಟರನ್ನು ಒಂದು ಹೊಲದ ಬದುವಿನ ಬಳಿ ನಿಲ್ಲಿಸಿದೆ. ಇಬ್ಬರೂ ಇಳಿದು ಹುಚ್ಚೆಳ್ಳು ಹೂವನ್ನು ನೋಡುತ್ತ ನಿಂತೆವು. ಐದು ನಿಮಿಷವೂ ಆಗಿರಲಿಲ್ಲ, ಹೊಲದ ಯಜಮಾನ ಕುಡುಗೋಲು ಹಿಡಿದು ಬಂದೇಬಿಟ್ಟ.

“ಏನ್ ಸ್ವಾಮಿ, ಏನ್ ನೋಡ್ತಾ ಇದೀರಾ?”

“ಹೂ ನೋಡ್ತಿದೀವಿ.”

“ಹೂವಾ?” ಅವನು ನನ್ನನ್ನೂ ನನ್ನ ಮೀಸೆಯನ್ನೂ ಬೇರೆ ಬೇರೆಯಾಗಿ ನೋಡಿದ. “ಎಲ್ರೂ ಮೊದ್ಲು ಹಂಗೇ ಅನ್ನೋದು. ಆಮೇಲ್ ಟೇಪು ಹಿಡ್ಕೊಂಡ್ ಬತ್ತಾರೆ. ಜಮೀನ್ ಮಾರಕ್ಕಿಲ್ಲ. ಲೇಔಟ್ ಮಾಡೋರಿಗಂತೂ ಕೊಡಾಕಿಲ್ಲ. ಗಾಡಿ ತೆಗೀರಿ!”

ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಸೀಮೆಯಲ್ಲಿ ಹೊಲವನ್ನು ಸುಮ್ಮನೆ ನೋಡುವವರು ಯಾರೂ ಉಳಿದಿಲ್ಲವೆಂಬುದನ್ನು ನಾನು ಮರೆತಿದ್ದೆ. ಸುಶೀಲ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು, ಮನೆ ಮುಟ್ಟುವ ತನಕ ನಕ್ಕಳು. ಆ ರೈತನ ಮಾತಿಗೆ ಅಷ್ಟು ನಕ್ಕವಳು ನನ್ನ ಮಾತಿಗೆ ಒಂದು ಹೂಂ ಅನ್ನಲಿಲ್ಲವಲ್ಲ ಎಂದು ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೀಸೆಯ ದೆಸೆಯಿಂದ ಅದೂ ಯಾರಿಗೂ ಕಾಣಲಿಲ್ಲ.

ಆಯುಧಪೂಜೆ ಬಂತು. ಆ ದಿನದ ವಿಶೇಷವನ್ನು ಹೊರಗಿನವರಿಗೆ ಹೇಳಬೇಕು. ವರ್ಷವಿಡೀ ನಿಲ್ಲದ ಊರು ಅಂದು ನಿಲ್ಲುತ್ತದೆ. ಮಗ್ಗಗಳನ್ನು ಒರೆಸಿ, ಎಣ್ಣೆ ಬಿಟ್ಟು, ಬಾಳೆಕಂದು ಕಟ್ಟಿ, ಕುಂಕುಮ ಹಚ್ಚುತ್ತೇವೆ. ಲಾಳಿ, ಸ್ಪ್ಯಾನರು, ಕತ್ತರಿ, ಕುಡುಗೋಲು, ಈಳಿಗೆಮಣೆ, ಏನೇನು ದುಡಿಯುತ್ತದೋ ಅದೆಲ್ಲ ಮಣೆಯ ಮೇಲೆ ಕೂತು ಹೂ ಮುಡಿಯುತ್ತದೆ. ಮರುದಿನ ವಿಜಯದಶಮಿಯ ಪೂಜೆಯಾಗುವ ತನಕ ಒಂದನ್ನೂ ಮುಟ್ಟುವಂತಿಲ್ಲ. ಆಗ ಬೀಳುವ ಮೌನಕ್ಕೆ ನಮ್ಮ ಜನ ಒಗ್ಗಿದವರಲ್ಲ. ಮಗ್ಗ ನಿಂತರೂ ಗಂಟಲು ನಿಲ್ಲುವುದಿಲ್ಲ. ಎಂದಿನಂತೆ ಕೂಗಿಕೊಂಡೇ ಮಾತಾಡುತ್ತಾರೆ. ವರ್ಷಕ್ಕೊಮ್ಮೆ ನಮ್ಮ ಬೀದಿಯ ಎಲ್ಲ ಮನೆಗಳ ಗುಟ್ಟು ಎಲ್ಲರಿಗೂ ಗೊತ್ತಾಗುವುದು ಅಂದೇ. ಜಯಮ್ಮನ ಸೊಸೆ ಹೋಳಿಗೆಯ ಹೂರಣಕ್ಕೆ ಬೆಲ್ಲ ಕಡಿಮೆ ಹಾಕಿದ್ದು ನನಗೆ ತಿಳಿದದ್ದು ಹಾಗೆ.

ಆ ಬೆಳಿಗ್ಗೆ ಪಾರಿಜಾತ ನೆಲತುಂಬ ಉದುರಿತ್ತು. ನಾನು ಹಿತ್ತಲಿನ ಕುರ್ಚಿಯಲ್ಲಿ ಕೂತಿದ್ದೆ. ಸುಶೀಲ ಶೆಡ್ಡಿನ ಬಾಗಿಲಲ್ಲಿ ನನಗೆ ಬೆನ್ನು ಮಾಡಿ ಕುಳಿತು ಮಗ್ಗದ ಕಾಲಿಗೆ ಕುಂಕುಮವಿಡುತ್ತಿದ್ದಳು. ನಡುವೆ ಹತ್ತು ಹೆಜ್ಜೆಯಷ್ಟು ದೂರ.

“ಸುಶೀಲಾ, ಪಾರಿಜಾತ ನೋಡು” ಎಂದೆ, ನಾನು ಕಲಿತುಬಂದ ಮೆಲುದನಿಯಲ್ಲಿ. ಅವಳು ತಿರುಗಲಿಲ್ಲ.

ಸ್ವಲ್ಪ ಏರಿಸಿ ಅಂದೆ. ತಿರುಗಲಿಲ್ಲ.

ಸಿಟ್ಟು ಬಂತು. ಮುದುಕಿಯನ್ನೂ ಮೆಲುಮಾತನ್ನೂ ಮರೆತು, ಮಗ್ಗದ ಮನೆಯಲ್ಲಿ ಹುಟ್ಟಿದ ಗಂಟಲಿನಿಂದ, “ಸುಶೀಲಾ!” ಎಂದು ಕೂಗಿದೆ. ಗಿಡದ ಮೇಲಿದ್ದ ಕಾಗೆ ಹಾರಿತು. ಜಯಮ್ಮ ಗೋಡೆಯಾಚೆಯಿಂದ, “ಸುಶೀಲಕ್ಕ, ಅಣ್ಣ ಕರೀತಾವ್ರೆ ನೋಡಿ! ಗಂಟ್ಲು ವಾಸಿಯಾಗ್ಬಿಟ್ಟೈತೆ!” ಎಂದಳು. ಎದುರು ಸಾಲಿನ ಮನೆಯಿಂದ ಯಾರೋ ಏನಾಯ್ತು ಎಂದು ಕೇಳಿದರು. ಸುಶೀಲ ಬೆರಳನ್ನು ಕುಂಕುಮದ ಬಟ್ಟಲಿಗೆ ಅದ್ದಿ, ನಿಧಾನವಾಗಿ ಎರಡನೆಯ ಮಗ್ಗದ ಕಾಲಿಗೆ ಬೊಟ್ಟಿಟ್ಟಳು.

ಚಹಾದ ಬಟ್ಟಲನ್ನು ನೆಲಕ್ಕಿಟ್ಟೆ. ಎದ್ದು ಹೋಗಿ ಅವಳೆದುರು ಕುಕ್ಕರಗಾಲಲ್ಲಿ ಕೂತೆ. ಅವಳು ತಲೆಯೆತ್ತಿ, “ಏನ್ರೀ, ಚಹಾ ಆಯ್ತಾ?” ಎಂದಳು. ಅವಳ ಕಣ್ಣು ನನ್ನ ಕಣ್ಣಿನ ಮೇಲಿರಲಿಲ್ಲ, ಮೀಸೆಯ ಮೇಲಿತ್ತು. ಫೋನಿನಲ್ಲಿ ಕಣ್ಣು ಕಿರಿದು ಮಾಡಿ ಪರದೆಯ ಹತ್ತಿರ ಬರುತ್ತಿದ್ದಳಲ್ಲ, ಅದೇ ನೋಟ. ನಾನು ಬೆರಳಿನಿಂದ ನನ್ನ ಕಿವಿಯನ್ನು ಮುಟ್ಟಿ, ಅವಳ ಕಿವಿಯನ್ನು ತೋರಿಸಿ, ಕೈ ತಿರುವಿದೆ. ಕೇಳಿಸಲ್ವಾ ಎಂದು ಕೇಳುವ ಮಗ್ಗದ ಮನೆಯ ಸನ್ನೆ. ಅವಳು ಕುಂಕುಮದ ಬಟ್ಟಲನ್ನು ಪಕ್ಕಕ್ಕಿಟ್ಟಳು.

“ನೀವ್ ಹೋದ ವರ್ಷಾನೇ ಶುರುವಾಯ್ತು. ಮೊದ್ಲು ಎಡಗಿವಿ. ಆಮೇಲ್ ಇದೂ” ಎಂದಳು. “ನಿಮ್ಮಮ್ಮಂಗೂ ಹಿಂಗೇ ಆಗಿರ್ಲಿಲ್ವಾ? ಮಗ್ಗ ನಡ್ಸೋರ್ಗೆ ಇದ್ದಿದ್ದೇ ಬಿಡಿ. ಎದುರ್ಗೆ ನಿಂತು ಮಾತಾಡಿದ್ರೆ ಬಾಯಿ ನೋಡ್ಕೊಂಡ್ ತಿಳ್ಕೋತೀನಿ. ಯಾರ್ಗೂ ಗೊತ್ತಾಗಲ್ಲ.”

“ನಂಗ್ಯಾಕೆ ಹೇಳ್ಲಿಲ್ಲ?”

ಅವಳಿಗೆ ತಿಳಿಯಲಿಲ್ಲ. ನಾನು ಇನ್ನೊಮ್ಮೆ, ಬಾಯಿ ಅಗಲಿಸಿ ಕೇಳಿದೆ.

“ಹೇಳಿದ್ರೆ ಕೆಲ್ಸ ಬಿಟ್ಟು ಬಂದ್ಬಿಡ್ತಿದ್ರಿ. ಮಗು ಓದು ಮುಗೀಲಿ ಅಂದ್ಕೊಂಡೆ. ಅಷ್ಟಕ್ಕೂ ಮೀಸೆ ತೆಗೀರಿ ಮೀಸೆ ತೆಗೀರಿ ಅಂತ ಬಾಯಿ ನೋವು ಬರೋವರ್ಗೂ ಹೇಳ್ದೆ. ಅದು ನಿಮ್ಗೆ ಕೇಳಿಸ್ತಾ?”

ಬಾಗಿಲಲ್ಲಿ ಆಫೀಸರನ್ನು ನಿಲ್ಲಿಸಿ ಗಿರಣಿಯವರು ಕಾಪಾಡಿದ ನನ್ನ ಕಿವಿಗಳು ಎರಡೂ ನೆಟ್ಟಗಿದ್ದವು. ಎಲ್ಲವೂ ಚೆನ್ನಾಗಿ ಕೇಳಿಸುತ್ತಿತ್ತು. ನನಗೆ ಅಳು ಬಂತು. ಹಬ್ಬದ ದಿನ ಮಗ್ಗದೆದುರು ಗಂಡಸು ಅಳಬಾರದೆಂದು ಎದ್ದು, ಚಪ್ಪಲಿ ಮೆಟ್ಟಿ, ನೇರ ಕ್ಷೌರದಂಗಡಿಗೆ ಹೋದೆ. ಬಾಗಿಲಿಗೆ ಮಾವಿನೆಲೆ ಕಟ್ಟಿತ್ತು. ಕ್ಷೌರಿಕ ಕೃಷ್ಣಪ್ಪ ಕನ್ನಡಿಗೆ ಹಾರ ಹಾಕುತ್ತಿದ್ದ.

“ಕೃಷ್ಣಪ್ಪ, ಈ ಮೀಸೆ ತೆಗ್ದುಬಿಡು.”

“ಏನ್ ಗುರುಗಳೇ, ಇವತ್ತಾ?” ಅವನು ಬೆಚ್ಚಿಬಿದ್ದು ಮೂಲೆಯ ಮಣೆಯನ್ನು ತೋರಿಸಿದ. ಕತ್ತಿ, ಕತ್ತರಿ, ಮೆಷಿನ್ನು, ಬಾಚಣಿಗೆ ಎಲ್ಲ ಸೇವಂತಿಗೆ ಮುಡಿದು ಕೂತಿದ್ದವು. “ಮುಟ್ಟಂಗಿಲ್ಲ. ನಾಳೆ ಪೂಜೆ ಆಗ್ಲಿ. ಐದ್ ವರ್ಷ ಇದ್ದಿದ್ ಮೀಸೆ, ಒಂದ್ ದಿನ ತಡ್ಕೊಳಲ್ವಾ?”

ಮನೆಗೆ ಬಂದು ನನ್ನ ರೇಜರ್ ಹುಡುಕಿದೆ. ಅದೂ ದುಡಿಯುವ ಸಾಮಾನೆಂದು ಸುಶೀಲ ಸ್ಪ್ಯಾನರುಗಳ ಪಕ್ಕದಲ್ಲಿ ಕೂರಿಸಿ ಕುಂಕುಮ ಹಚ್ಚಿದ್ದಳು.

ಬೂದುಗುಂಬಳ ಒಡೆದು, ಊಟ ಮುಗಿದು, ಬೀದಿ ಹೋಳಿಗೆಯ ಭಾರಕ್ಕೆ ಮಂಕಾದ ಮೇಲೆ ಸುಶೀಲ ತಾನಾಗಿಯೇ ಹಿತ್ತಲಿಗೆ ಬಂದು ಎರಡನೆಯ ಕುರ್ಚಿಯಲ್ಲಿ ಕೂತಳು. ಅದನ್ನು ನನ್ನ ಪಕ್ಕದಿಂದ ಎಳೆದು ನನ್ನ ಎದುರಿಗೆ ಹಾಕಿಕೊಂಡಳು. ಬೆಂಗಳೂರಿನಲ್ಲಿ ಕಿವಿ ಡಾಕ್ಟರರಿಗೆ ತೋರಿಸೋಣ, ಈಗ ಒಳ್ಳೊಳ್ಳೆ ಮೆಷಿನ್ ಬಂದಿದೆ ಎಂದು ನಾನು ಸನ್ನೆಯಲ್ಲಿ ಹೇಳಿದೆ. ಆಯ್ತು ಎಂದಳು. ಬಳಿಕ ಸೆರಗು ಸರಿಮಾಡಿಕೊಂಡು, “ಅದಿರ್ಲಿ. ಫೋನ್ ಮಾಡ್ದಾಗೆಲ್ಲ ಎಲೆ ಎಲೆ ಅಂತಿದ್ರಿ. ಎಲೆ ಅನ್ನೋದೊಂದು ಗೊತ್ತಾಗ್ತಿತ್ತು, ಮುಂದಕ್ಕೆ ಗೊತ್ತಾಗ್ತಿರ್ಲಿಲ್ಲ. ಮೊನ್ನೆ ಸ್ಕೂಟ್ರಲ್ಲೂ ತಲೆ ಅಲ್ಲಾಡಿಸ್ಕೊಂಡ್ ಏನೋ ಹೇಳ್ತಿದ್ರಿ. ಏನದು? ಈಗ ಹೇಳಿ” ಎಂದಳು.

ಐದು ವರ್ಷದ ಮಾತನ್ನು ಒಬ್ಬರು ಎದುರಿಗೆ ಕೂತು ಕೇಳಿದಾಗ ಎಲ್ಲಿಂದ ಶುರುಮಾಡಬೇಕೆಂದು ನನಗೆ ತೋಚಲಿಲ್ಲ. ಎರಡೂ ಕೈಯಿಂದ ಮೀಸೆಯನ್ನು ಪರದೆ ಎತ್ತಿದ ಹಾಗೆ ಮೇಲಕ್ಕೆ ಎತ್ತಿ ಹಿಡಿದೆ. ಜಯಮ್ಮ ಗೋಡೆಯಿಂದ ಇಣುಕಿದವಳು, ಅಣ್ಣನಿಗೆ ಗಂಟಲಿನದು ತಲೆಗೆ ಏರಿದೆಯೆಂದುಕೊಂಡಳೋ ಏನೋ, ಮೊದಲ ಬಾರಿಗೆ ಮಾತಾಡದೆ ಇಳಿದುಹೋದಳು.

“ಅಲ್ಲಿ ಹಿಪ್ಪುನೇರಳೆ ಮರ ಇದ್ವು” ಎಂದೆ.

“ಹೂಂ.”

“ಈ ಕಾಲ್ದಲ್ಲಿ ಎಲೆ ಹಳದಿ ಆಗ್ತಿತ್ತು.”

“ಆಮೇಲೆ?”

“ಆಮೇಲೆ ಉದುರ್ತಿತ್ತು.”

ಅವಳು ಮುಂದಿನ ಮಾತಿಗಾಗಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಸ್ಕೂಟರಿನ ಮೇಲೆ ರಸ್ತೆಗೆ ಸಲೀಸಾಗಿ ಹೇಳಿದ್ದ ಮಾತನ್ನು ಅವಳ ಮುಖಕ್ಕೆ ಹೇಳಲು ಬಾಯಿ ಬರಲಿಲ್ಲ. ಮೀಸೆ ಹಿಡಿದ ಕೈ ಸೋಲತೊಡಗಿತು.

“ಅಷ್ಟೇನಾ?” ಎಂದಳು.

“ಅಷ್ಟೇ.”

“ಅಯ್ಯೋ ನಿಮ್ಮ! ಇಷ್ಟಕ್ಕಾ ನಾನು ಐದ್ ವರ್ಷ ಕಣ್ ಕಿತ್ಕೊಂಡ್ ನೋಡಿದ್ದು?” ಎಂದು ಸುಶೀಲ ತೂಬಗೆರೆಯ ಹೊಲದಲ್ಲಿ ನಕ್ಕ ಹಾಗೆ ನಕ್ಕಳು. ಆಮೇಲೆ ಮುಂದಕ್ಕೆ ಬಾಗಿ, “ಕೈ ನೋಯುತ್ತೆ, ಬಿಡಿ” ಎಂದು ನನ್ನ ಕೈಗಳನ್ನು ಕೆಳಗಿಳಿಸಿ, ತಾನೇ ಎರಡು ಬೆರಳಿನಿಂದ ಮೀಸೆಯನ್ನು ಮೇಲಕ್ಕೆತ್ತಿ ಹಿಡಿದುಕೊಂಡಳು. “ಇನ್ನೂ ಏನೋ ಇದೆ. ಅದನ್ನೂ ಹೇಳಿ.”